ಬುಡ ಕೊರೆದ ಕೈ

ಗಂಗವ್ವ, ಆ ಗೋಡೆಯ ಬುಡ ಕೊರೆದದ್ದು ನಿಮ್ಮ ಗಂಡ ಅಲ್ಲ. ನಾನು. ಅವರು ಸತ್ತ ಮೇಲೆ ಅದನ್ನು ಅವರ ಹೆಸರಿಗೆ ಹಚ್ಚಿದವನೂ ನಾನೇ.

ನನ್ನನ್ನು ಮರೆತಿರಲಾರಿರಿ — ಎಪ್ಪತ್ತರ ದಶಕದ ಆ ಬೇಸಿಗೆಯಲ್ಲಿ ದೇವಣಗಾಂವದ ಆಚೆ, ನಿಮ್ಮೂರಿನ ಹಾಳು ದಿಬ್ಬದಲ್ಲಿ ಹಳೆಯ ಎಲುಬು ತೆಗೆಯಲು ಗುರುಗಳ ಜೊತೆ ಬಂದಿದ್ದ ಕನ್ನಡಕದವನು. ಆರೇಳು ನೂರು ವರ್ಷದ ಹಿಂದೆ ಇಲ್ಲಿನ ಜನ ಏನು ಉಣ್ಣುತ್ತಿದ್ದರು, ಯಾವ ಬೇನೆಯಿಂದ ನರಳಿದ್ದರು ಎಂಬುದನ್ನು ಅವರ ಎಲುಬು, ಹಲ್ಲುಗಳಲ್ಲಿ ಓದುವುದು ನಮ್ಮ ಕೆಲಸ. ಬೀಸುಕಲ್ಲಿನ ಪುಡಿ ಬೆರೆತ ರೊಟ್ಟಿ ತಿಂದ ಹಲ್ಲು ಸವೆದಿರುತ್ತದೆ. ಹಾಲುಹಲ್ಲಿನ ವಯಸ್ಸಿನಲ್ಲಿ ಮಗು ಹಸಿದಿದ್ದರೆ, ದವಡೆಯೊಳಗೆ ಆಗ ಬೆಳೆಯುತ್ತಿದ್ದ ಹಲ್ಲಿನ ಮೇಲೆ ಅಡ್ಡ ಗೆರೆ ಉಳಿಯುತ್ತದೆ — ಸತ್ತ ಮೇಲೂ ಅಳಿಯುವುದಿಲ್ಲ.

ನಿಮ್ಮ ಗಂಡ ಮಲ್ಲಪ್ಪನವರು ಊರಿನಲ್ಲಿ ಹೆಣ ಹೂಳುವ ಕುಣಿ ತೋಡುವವರು; ನಮ್ಮ ಅಗೆತಕ್ಕೂ ಕೂಲಿಗೆ ಬಂದಿದ್ದರು. ಕುಣಿಯ ಬದಿಯಲ್ಲಿ ಗೂಡು ಕೊರೆದು ಹೆಣವನ್ನು ಕೂಡಿಸುವ ಪದ್ಧತಿ ಅವರ ಕೈಗೆ ಒಗ್ಗಿತ್ತು. ದಿಬ್ಬದಲ್ಲಿ ಸಿಕ್ಕ ಹೆಂಗಸೂ ಹಾಗೆಯೇ ಕೂತಿದ್ದಳು. ಮೊಣಕಾಲು ನಮ್ಮ ಗುಂಡಿಯಲ್ಲಿ, ತಲೆ ಗುಂಡಿಯ ಮಣ್ಣಿನ ಗೋಡೆಯೊಳಗೆ. ಮೇಲಿನ ಮಣ್ಣನ್ನೆಲ್ಲ ಇಳಿಸಿದ ಮೇಲೆಯೇ ತಲೆಯನ್ನು ಮುಟ್ಟಬೇಕೆಂದು ಹೇಳಿ ಗುರುಗಳು ಸಿಂದಗಿಗೆ ಹೋಗಿದ್ದರು. ಹಾಗೆ ಮಣ್ಣಿಳಿಸಲು ಮೂರು ದಿನ ಬೇಕು. ಸಂಜೆ ಅವರು ಬರುವಷ್ಟರಲ್ಲಿ ಆ ದವಡೆ ನನ್ನ ಕೈಯಲ್ಲಿರಬೇಕು — ಅಷ್ಟೇ ನನ್ನ ಆಸೆ. ಗೋಡೆಯನ್ನು ಬುಡದಿಂದ ಅಡ್ಡಕ್ಕೆ ಕೊರೆಯತೊಡಗಿದೆ.

"ಬುಡಾ ತಿನಬ್ಯಾಡ್ರಿ ಸಾಹೇಬ್ರ," ಎಂದರು ಮಲ್ಲಪ್ಪನವರು. "ಗೂಡಿನ ಮಣ್ಣ ಒಮ್ಮಿ ಅಗದು ತುಂಬಿದ್ದು. ಮ್ಯಾಲಿನ ಎರಿಮಣ್ಣ ಬಿಸಲಿಗೆ ಬಾಯಿ ಬಿಟ್ಟೈತಿ. ನಿಂದ್ರೂದಿಲ್ಲ."

"ನೀ ಹೂಳಾಂವ, ನಾ ತಗಿಯಾಂವ. ನಿನ್ನ ವಿದ್ಯಾ ಬ್ಯಾರೆ, ನನ್ನ ವಿದ್ಯಾ ಬ್ಯಾರೆ," ಎಂದೆ.

ಅವರು ನಕ್ಕರು. "ಹೌದ್ರಿ ಮತ್ತ. ನಾ ಹೂಳಿದವ್ರು ಯಾರೂ ಹೊಳ್ಳಿ ಬಂದು ತಕರಾರ ಮಾಡಿಲ್ಲ ಬಿಡ್ರಿ."

ಒಂದು ಮೊಳದಷ್ಟು ಕೊರೆದೆ. ತೋಳು ಸೋತಾಗ, ಎಲುಬಿನ ಮಣ್ಣು ಒರೆಸುವ ಕುಂಚವನ್ನು ಅವರ ಕೈಗೆ ಕೊಟ್ಟು ನೀರು ಕುಡಿಯಲು ಮೇಲೆ ಹತ್ತಿದೆ. ಚಂಬು ತುಟಿಯ ಹತ್ತಿರ ಇತ್ತು — ಸದ್ದು ದೊಡ್ಡದೇನಲ್ಲ, ಜೋಳದ ಚೀಲ ಜಾರಿಬಿದ್ದ ಹಾಗೆ. ತಿರುಗಿದರೆ ಗೋಡೆ ಇಲ್ಲ. ಕುಂಚ ಹಿಡಿದ ಕೈ ಮಾತ್ರ, ಮಣಿಕಟ್ಟಿನವರೆಗೆ... ಬೆರಳು ಆಡುತ್ತಿದ್ದವು. ನಾನು ಇಳಿಯಲಿಲ್ಲ. ಇನ್ನೊಂದು ಬದಿಯೂ ಬಿದ್ದರೆ ಎಂದು — ಇಳಿಯಲಿಲ್ಲ. ಹೊಲದಲ್ಲಿದ್ದವರು ಓಡಿಬಂದು ಮಣ್ಣು ಸರಿಸಿದಾಗ ಉಸಿರಿರಲಿಲ್ಲ. ಈಗಲೂ ಊಟದ ನಡುವೆ, ಪಾಠದ ನಡುವೆ, ನಾನು ಆ ಅಂಚಿನಲ್ಲಿ ನಿಂತಿರುತ್ತೇನೆ. ಈ ಸಲ ಇಳಿಯುತ್ತೇನೆ ಅಂದುಕೊಳ್ಳುತ್ತೇನೆ, ಅಷ್ಟರಲ್ಲಿ ಬೆರಳು...

ಸಂಜೆ ಬಂದ ಗುರುಗಳು ಕೇಳಿದರು: "ಬುಡ ಕೊರೆದವರು ಯಾರು?" ಎರಡು ವರ್ಷದ ಮಗಳು ಶಾಂತವ್ವನನ್ನು ಟೊಂಕದ ಮೇಲೆ ಹೊತ್ತು ನೀವು ಅಲ್ಲೇ ನಿಂತಿದ್ದಿರಿ.

"ಮಲ್ಲಪ್ಪ, ಸರ್. ನಾ ಬ್ಯಾಡ ಅಂದೆ," ಎಂದೆ.

"ಇಪ್ಪತ್ತ ವರ್ಷ ಕುಣಿ ತೋಡ್ಯಾನ್ರಿ ಅಂವಾ," ಎಂದಿರಿ ನೀವು, ನನ್ನ ಕಡೆ ತಿರುಗಿ. "ಅಂವಗ ಮಣ್ಣ ತಿಳಿಲಿಲ್ಲೇನ್ರಿ?"

ನಾನು ಕನ್ನಡಕ ಒರೆಸಿಕೊಂಡೆ.

ಕುಣಿ ತೋಡಾಂವ ತನ್ನ ಕುಣಿ ತಾನ ತೋಡ್ಕೊಂಡ — ಊರು ಹೀಗೆ ಆಡಿಕೊಂಡಿತಂತೆ. ಮಣ್ಣು ತಿಳಿಯದ ಮನೆತನವೆಂದು ನಿಮ್ಮ ಮೈದುನನನ್ನೂ ಕುಣಿಗೆ ಕರೆಯಲಿಲ್ಲವಂತೆ. ಆ ಕೆಲಸಕ್ಕೆಂದು ಸುಗ್ಗಿಯಲ್ಲಿ ಊರವರು ನಿಮಗೆ ಕೊಡುತ್ತಿದ್ದ ಆಯದ ಜೋಳ ನಿಂತೇ ಹೋಯಿತಂತೆ. ಎಷ್ಟೋ ವರ್ಷದ ಮೇಲೆ ನಿಮ್ಮೂರಿನವರೊಬ್ಬರು ಇಂಡಿಗೆ ಹೋಗುವ ಬಸ್ಸಿನಲ್ಲಿ ಸಿಕ್ಕು ಇದನ್ನೆಲ್ಲ ಹೇಳಿದರು. ಅಷ್ಟರಲ್ಲಿ ಆ ಹೆಂಗಸಿನ ದವಡೆಯ ಮೇಲೆ ನಾನು ಪ್ರಬಂಧ ಬರೆದಾಗಿತ್ತು. ಎರಡು ಮೂರು ವರ್ಷದವಳಿದ್ದಾಗ ಅವಳು ಹಸಿದಿದ್ದಳೆಂದು ಹಲ್ಲಿನ ಗೆರೆಯಿಂದ ತೋರಿಸಿದ್ದೆ. ಅದನ್ನು ಓದಿದವರು ಹೊಗಳಿದರು. ಶಾಂತವ್ವನ ಹಲ್ಲಿನಲ್ಲೂ ಅಂಥ ಗೆರೆ ಇರಬಹುದು, ಗಂಗವ್ವ. ಇದ್ದರೆ ಅದನ್ನು ಎಳೆದವನು ನಾನು. ಇದು ಗೊತ್ತಾದ ಮೇಲೂ ನಾನು ಸುಮ್ಮನಿದ್ದೆ.

ನಿಮಗೆ ಓದು ಬಾರದು. ಈ ಪತ್ರವನ್ನು ಯಾರಾದರೂ ಓದಿ ಹೇಳಬೇಕು. ಮನೆಯೊಳಗೆ ಓದಿಸಬೇಡಿ. ಆಡಿಕೊಂಡವರೆಲ್ಲ ಚಾವಡಿಯಲ್ಲಿ ಕೂಡಿದಾಗ ಓದಿಸಿ. ಬರುವ ಸೋಮವಾರ ನಾನೂ ಅಲ್ಲಿಗೆ ಬರುತ್ತೇನೆ; ಬಾಯಿಂದಲೂ ಹೇಳುತ್ತೇನೆ. ನನಗೆ ಕೂಡ್ರಿ ಅನ್ನಬೇಡಿ. ನಿಂತೇ ಹೇಳುತ್ತೇನೆ.