ಕಿಟಕಿಗೆ ಬಳಿದ ವಿಭೂತಿ

ಬಂಡೆಮ್ಮ ಯಾದಗಿರಿ ಕಡೆಯಿಂದ ಪಕ್ಕದ ರಾಜ್ಯದ ಗಚ್ಚಿಬೌಲಿಗೆ ಬಂದದ್ದು ಕಾಂಕ್ರೀಟ್ ಬುಟ್ಟಿ ಹೊರಲಿಕ್ಕೆ. ತಾನೇ ಕಟ್ಟಿದ ಪ್ರಯೋಗಾಲಯದಲ್ಲಿ ಆಮೇಲೆ ಗುತ್ತಿಗೆ ಸಹಾಯಕಿಯಾದಳು. ಗ್ಯಾಸ್ ಸಿಲಿಂಡರ್ ಜೋಡಿಸಬೇಕು, ಬೋಲ್ಟ್ ಬಿಗಿಯಬೇಕು, ಸಾಬೂನಿನ ನೊರೆ ಹಚ್ಚಿ ಅನಿಲ ಸೋರಿ ಎಲ್ಲಾದರೂ ಗುಳ್ಳೆ ಏಳುತ್ತದೆಯೇ ನೋಡಬೇಕು. ಎಂಟು ವರ್ಷದಲ್ಲಿ ಒಂದು ಗುಳ್ಳೆಯೂ ಎದ್ದಿರಲಿಲ್ಲ. ಆ ಜಂಬ ಅವಳಿಗಿತ್ತು, ಇರಲಿ ಬಿಡಿ, ಜಂಬಪಡಲು ಬೇರೆ ಏನಿತ್ತು ಪಾಪ!

ಅಲ್ಲೊಂದು ಉಕ್ಕಿನ ಡಬ್ಬಿ. ಒಳಗೆ ಇಂಗಾಲದ ಡೈಆಕ್ಸೈಡ್, ಅಂಗೈಯಗಲದ ಕಿಟಕಿಯಾಚೆ ಒಂದು ದೀಪ. ಪ್ರಯೋಗದ ಲೆಕ್ಕದಲ್ಲಿ ದೀಪವೆಂದರೆ ಸಣ್ಣ, ತಣ್ಣನೆಯ ನಕ್ಷತ್ರ. ಡಬ್ಬಿಯೆಂದರೆ ಅದನ್ನು ಸುತ್ತುವ ಕಲ್ಲುಗ್ರಹದ ಗಾಳಿ. ಆ ನಕ್ಷತ್ರದ ನೇರಳಾತೀತ ಕಿರಣ ಅನಿಲವನ್ನು ಒಡೆದು, ಗಿಡಮರಗಳಿಲ್ಲದೆಯೇ ಆಮ್ಲಜನಕ ಹುಟ್ಟಿಸೀತೇ? ಇದು ಕಲಬುರಗಿಯ ಸಂಶೋಧಕಿ ಕಾವ್ಯಾಳ ಪ್ರಶ್ನೆ.

ಆಮ್ಲಜನಕವೇನೋ ಬಂತು, ದಿನದಿನಕ್ಕೂ ಏರಿತು. ಮುಖ್ಯಸ್ಥ ಅರವಿಂದ್ ನಂಬಲಿಲ್ಲ. ಬೋಲ್ಟ್ ಸಡಿಲ, ಹೊರಗಿನ ಗಾಳಿ ನುಗ್ಗುತ್ತಿದೆ, ದಸರೆ ಕಳೆದ ಮೇಲೆ ಬಂಡೆಮ್ಮ ಬರುವುದು ಬೇಡ ಎಂದುಬಿಟ್ಟರು. ನೊರೆ ಹಚ್ಚಿ ತೋರಿಸುತ್ತೇನೆಂದರೂ ಕೇಳಲಿಲ್ಲ. ದೊಡ್ಡವರಿಗೆ ಸಣ್ಣವರ ತಪ್ಪು ಎಷ್ಟು ಬೇಗ ಕಾಣುತ್ತದೆ!

ಆಯುಧಪೂಜೆಯ ದಿನ ಬಂಡೆಮ್ಮ ಡಬ್ಬಿಯ ದೀಪ ಆರಿಸಿ, ಸ್ಪ್ಯಾನರುಗಳನ್ನು ತೊಳೆದು ಕುಂಕುಮ ಇಟ್ಟಳು. ಇದೇ ಕಡೆಯ ಹಬ್ಬವೆಂದು ಡಬ್ಬಿಗೂ ಕೈಮುಗಿದಳು. ಹಣೆಯ ಹಾಗೆ ಎದುರಿಗಿದ್ದದ್ದು ಕಿಟಕಿ. ಅದರ ತುಂಬ ಮೂರೆಳೆ ವಿಭೂತಿ ದಪ್ಪಗೆ ಬಳಿದು, ಡಬ್ಬಿಯ ದೀಪವನ್ನು ಮತ್ತೆ ಹಚ್ಚಿ ಮನೆಗೆ ಹೋದಳು.

ರಜೆ ಮುಗಿಸಿ ಬಂದು ನೋಡಿದರೆ, ಏರುತ್ತಿದ್ದ ಆಮ್ಲಜನಕ ಹಬ್ಬದ ದಿನದಿಂದ ಏರದೆ ನಿಂತಿತ್ತು. ಯಾರಿಗೂ ಕಾರಣ ಹೊಳೆಯಲಿಲ್ಲ. ಲೆಕ್ಕ ತೀರಿಸಿ ಸ್ಪ್ಯಾನರುಗಳನ್ನು ಒಪ್ಪಿಸಲು ಬಂದಿದ್ದ ಬಂಡೆಮ್ಮನ ಕಣ್ಣು ಕಿಟಕಿಯ ವಿಭೂತಿಯ ಮೇಲೆ ಬಿತ್ತು. ಸೆರಗಿನಿಂದ ಒರೆಸಿಬಿಟ್ಟಿದ್ದರೆ ಕೇಳುವವರಿರಲಿಲ್ಲ.

"ತಪ್ಪು ನಂದ ಐತ್ರಿ ಮೇಡಮ್ಮಾರ. ಕಿಟಕಿಗೆ ಇಬತ್ತಿ ಹಚ್ಚೀನಿ, ಬೆಳಕಿಗೆ ಅಡ್ಡ ಆಗೇತಿ."

ಅರವಿಂದರ ಮುಖ ಕೆಂಪೇರಿತು. ಕಾವ್ಯಾ ಕುರ್ಚಿಯಿಂದ ಎದ್ದೇಬಿಟ್ಟಳು. ಬೆಳಕು ನಿಂತಾಗ ಆಮ್ಲಜನಕವೂ ನಿಂತಿದೆ ಸರ್, ಬೋಲ್ಟ್ ಸೋರುತ್ತಿದ್ದರೆ ಅದು ವಿಭೂತಿಗೆ ಹೆದರಿ ನಿಲ್ಲುತ್ತಿತ್ತೇ ಎಂದು ಹಿಂದಿಯಲ್ಲಿ ಕೇಳಿದಳು.

ಅರವಿಂದ್ ಕಂಪ್ಯೂಟರ್ ಪರದೆಯ ಮೇಲಿನ ಅಂಕಿಗಳನ್ನು ಹಬ್ಬದ ದಿನದಿಂದ ಒಂದೊಂದಾಗಿ ಬೆರಳಿಟ್ಟು ಓದಿದರು. ಕೊನೆಗೆ ತಾವೇ ಹೋಗಿ ಗುತ್ತಿಗೆಯ ಕಾಗದ ತಂದು ಸಹಿ ಹಾಕಿದರು.

"ನೌಕ್ರಿ ಉಳೀತು ಬಂಡೆಮ್ಮ," ಎಂದಳು ಕಾವ್ಯಾ.

"ಅದಿರ್ಲಿ ಬಿಡ್ರಿ. ನನ್ನ ಬೋಲ್ಟು?"

"ಭಾಳ ಬಿಗಿ ಅದಾವು. ಒಂದೂ ಸೋರಿಲ್ಲ."

ಅಲ್ಲಿಯವರೆಗೂ ಅಳದಿದ್ದ ಬಂಡೆಮ್ಮ ಆಗ ಸ್ಪ್ಯಾನರ್ ಹಿಡಿದುಕೊಂಡೇ ಅತ್ತುಬಿಟ್ಟಳು.