ಮಣಿನಗರದಲ್ಲಿ ಉಡಿ ತುಂಬಿದ್ದು

ಅಹಮದಾಬಾದಿಗೆ ಬಂದ ಮೊದಲ ವಾರದಲ್ಲೇ ನಾನು ಎದುರು ಮನೆಯ ಸೊಸೆಯನ್ನು ಬಸುರಿ ಮಾಡಿಬಿಟ್ಟೆ. ಅದಕ್ಕೆ ಬೇಕಾಗಿದ್ದು ಒಂದು ತೆಂಗಿನಕಾಯಿ, ಒಂದು ಇಳಕಲ್ ಖಣ, ಒಂದಿಷ್ಟು ಅಕ್ಕಿ.

ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಧಾರವಾಡದಿಂದ ಮಣಿನಗರಕ್ಕೆ ಬಂದಿದ್ದೆವು. ನನಗೂ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತ್ತು. ಸಾಮಾನಿನ ಡಬ್ಬಗಳನ್ನು ಬಿಚ್ಚುತ್ತ ಕುಳಿತಿದ್ದಾಗ ಎದುರು ಮನೆಯ ಹೇತಲ್ ಬಿಸಿ ಹಾಂಡ್ವೋ ತಂದಳು. ಸೋರೆಕಾಯಿ ತುರಿ ಹಾಕಿ ಬೇಯಿಸುವ ಖಾರದ ತಿಂಡಿ ಅದು. ಹೊಸ ಮನೆಗೆ ಮೊದಲು ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಲು ನಮ್ಮ ಕಡೆಯವರಿಗೆ ಆಗುತ್ತದೆಯೇ? ಕುಂಕುಮ ಹಚ್ಚಿ, ಅವಳ ದುಪಟ್ಟಾ ಹಿಡಿಸಿ, ಉಡಿ ತುಂಬಿದೆ.

ಬಾಗಿಲಲ್ಲಿ ಅವಳ ಅತ್ತೆ ಸವಿತಾಬಾ ನಿಂತಿದ್ದರು. ಬಾ ಎಂದರೆ ಇಲ್ಲಿ ಅಮ್ಮ. ಕಟ್ಟಡದವರೆಲ್ಲ ಅವರನ್ನು ಹಾಗೇ ಕರೆಯುತ್ತಾರೆ. ಅವರ ಗುಜರಾತಿಯನ್ನು ನನ್ನ ಧಾರವಾಡದ ಮಾತಿನಲ್ಲೇ ಬರೆಯುತ್ತೇನೆ, ನನ್ನ ಕಿವಿಗೆ ಅದು ಹಾಗೇ ಕೇಳುತ್ತದೆ. “ಅಯ್ಯ, ಖೋಳೋ ತುಂಬಿದ್ರಾ? ಹೇತಲ್, ನನ್ಗ ಹೇಳೂಕಿಂತ ಮೊದ್ಲ ಇವ್ರಿಗೆ ಹೇಳಿದ್ಯಾ?” ಎಂದು ಕೂಗಿದ ದನಿ ಮೂರೂ ಮಹಡಿಗೆ ಮುಟ್ಟಿತು. ಖೋಳೋ ಎಂದರೆ ಮಡಿಲು, ನಮ್ಮ ಉಡಿ. ಇಲ್ಲಿ ಅದನ್ನು ತುಂಬುವುದು ಬಸುರಿಗೆ ಮಾತ್ರ, ಏಳನೆಯ ತಿಂಗಳಲ್ಲಿ. ಹೇತಲ್‌ಳ ಮದುವೆಯಾಗಿ ವರ್ಷಗಳೇ ಆಗಿದ್ದವು, ಮಕ್ಕಳಿರಲಿಲ್ಲ. ಅವಳು ತೆಂಗಿನಕಾಯಿ ಹಿಡಿದುಕೊಂಡೇ ಅಳಲು ಶುರುಮಾಡಿದಳು.

ಸಂಜೆ ನನ್ನ ಗಂಡ ರಮೇಶ ತಲೆ ಚಚ್ಚಿಕೊಂಡ. “ಬಂದ ನಾಕ ದಿನ ಆಗಿಲ್ಲ, ಏನ ಮಾಡಿ ಕುಂತಿ ಮಾರಾಯ್ತಿ! ನಡಿ, ಹೋಗಿ ತಪ್ಪಾತು ಅನ್ನೂಣು.”

ಹೋದೆವು. ಹೇತಲ್‌ಳ ಗಂಡ ಜಿಗ್ನೇಶ್ ನಡುಮನೆಯ ತೂಗುಮಣೆಯ ಮೇಲೆ ಕುಳಿತು ಮೊಬೈಲ್ ನೋಡುತ್ತಿದ್ದ. ಇಲ್ಲಿಯ ಮನೆಗಳಲ್ಲಿ ಸೋಫಾ ಇಲ್ಲದಿದ್ದೀತು, ತೂಗುಮಣೆ ಇದ್ದೇ ಇರುತ್ತದೆ. ನಮ್ಮ ಕಡೆ ಯಾವ ಮುತ್ತೈದೆಗಾದರೂ ಉಡಿ ತುಂಬುತ್ತೇವೆ ಎಂದು ವಿವರಿಸಿದೆ. ಬಾ ನಿಟ್ಟುಸಿರು ಬಿಟ್ಟರು. “ನಿಮ್ದೇನೂ ತಪ್ಪಿಲ್ಲ ತಂಗಿ. ಇವಳ ಮಡಿಲ ಹಿಂಗ.”

“ನನ್ನ ಎಲ್ಲಾ ಟೆಸ್ಟೂ ಆಗ್ಯಾವು, ಬಾ. ಎಲ್ಲಾ ಸರಿ ಅದಾವು” ಎಂದಳು ಹೇತಲ್ ತಲೆ ಬಗ್ಗಿಸಿಕೊಂಡೇ. ಜಿಗ್ನೇಶ್‌ನ ಟೆಸ್ಟು? ತೂಗುಮಣೆ ಮಾತ್ರ ಕಿರ್ರೆನ್ನುತ್ತಿತ್ತು.

ಮಾತು ತಿರುಗಿಸಲೆಂದೋ ಏನೋ, ನನ್ನದು ಎಂಥ ಕೆಲಸ ಎಂದು ಬಾ ಕೇಳಿದರು. ಧಾರವಾಡದಲ್ಲಿ ಯಾರಾದರೂ ಹಾಗೆ ಕೇಳಿದರೆ “ಪ್ರೋಟೀನ್ ಮೇಲೆ” ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ವೀರ್ಯ ಎಂಬ ಪದವನ್ನು ಇವತ್ತಿಗೂ ಅವ್ವನ ಎದುರು ಆಡಿದವಳಲ್ಲ. ಆದರೆ ಹೊಸ ಭಾಷೆಗೆ ನಾಚಿಕೆ ಕಡಿಮೆ. ನನ್ನ ಗುಜರಾತಿ ತರಕಾರಿ ಗಾಡಿಯ ಆಚೆ ಹೋಗಿರಲಿಲ್ಲ, ಹಾಗಾಗಿ ಹಿಂದಿ ಬೆರೆಸಿ, ಕೈ ಆಡಿಸಿ, ಎಲ್ಲವನ್ನೂ ಹೇಳಿದೆ. ಗಂಡಸಿನ ಮೈಯಲ್ಲಿ ಬೆಳೆಯುವ ವೀರ್ಯಾಣುವನ್ನು ಪಕ್ಕದ ಸಾಕುಕೋಶವೊಂದು ಹಿಡಿದುಕೊಂಡು ಸಲಹುತ್ತದೆ. ಹಾಗೆ ಹಿಡಿದಿಡಲು ಅಂಟಿನ ಕೆಲಸ ಮಾಡುವ ಪ್ರೋಟೀನುಗಳಿವೆ, ನಾನು ನೋಡುವುದು ಅವನ್ನೇ. ಬೆಳೆಯುವವರೆಗೆ ಬಿಡಬಾರದು, ಬೆಳೆದ ಮೇಲೆ ಹಿಡಿಯಬಾರದು. ಮೈಯ ಶಾಖ ಅಲ್ಲಿ ಹೆಚ್ಚಾದರೂ ಸಾಕು, ಹಿಡಿತ ಸಡಿಲಾಗಿ ಎಳೆಯವು ಉದುರಿಬಿಡುತ್ತವೆ.

ಬಾ ತುಸು ಯೋಚಿಸಿದರು. “ಅಂದ್ರ ಗಾಳಿಗೆ ಬಿದ್ದ ಮಾವಿನ ಮಿಡಿ ಇದ್ದಂಗ. ಗಿಡ ಗಟ್ಟಿ ಅದ, ತೊಟ್ಟು ಸಡ್ಲ.”

“ಹೌದು ಬಾ. ಗಿಡಕ್ಕ ಏನೂ ಅವಮಾನ ಇಲ್ಲ. ನಾ ಡಾಕ್ಟರಲ್ಲ, ಆದ್ರ ತೋರ್ಸಿದ್ರ ಗೊತ್ತಾಗ್ತದ.”

ತೂಗುಮಣೆಯ ಸದ್ದು ನಿಂತಿತ್ತು. ಮೊಬೈಲ್ ಮಡಿಲಲ್ಲಿ ಬಿದ್ದಿತ್ತು, ಜಿಗ್ನೇಶ್ ನನ್ನನ್ನೇ ನೋಡುತ್ತಿದ್ದ.

ಮುಂದಿನ ವಾರ ಅವನು ಮೆಟ್ಟಿಲ ಮೇಲೆ ರಮೇಶನನ್ನು ತಡೆದು, “ಡಾಕ್ಟರ ಕಡೆ ಒಬ್ನೇ ಹೋಗಾಕ ಮನಸ್ಸಾಗವಲ್ದು, ಬರ್ತೀರೇನು?” ಎಂದ. ಇಬ್ಬರೂ ಕ್ರಿಕೆಟ್ ನೋಡಲು ಹೊರಟವರಂತೆ ಸ್ಕೂಟರಿನಲ್ಲಿ ಹೋದರು. ವೃಷಣದ ರಕ್ತನಾಳ ಉಬ್ಬಿ ಅಲ್ಲಿ ಶಾಖ ಹೆಚ್ಚಾಗಿದೆ, ಸಣ್ಣ ಆಪರೇಷನ್ ಮಾಡಿ ನೋಡೋಣ ಎಂದರು ಡಾಕ್ಟರು. ಎಲ್ಲರಿಗೂ ಇದರಿಂದ ಗುಣ ಕಾಣುತ್ತದೆ ಎಂದೇನೂ ಇಲ್ಲ ಎಂದೂ ಹೇಳಿದರು. ಆಪರೇಷನ್ ಆಯಿತು, ಕಾಯುತ್ತ ಒಂದು ಉತ್ತರಾಯಣವೂ, ಅಂದರೆ ಇಲ್ಲಿಯ ಗಾಳಿಪಟದ ಸಂಕ್ರಾಂತಿಯೂ, ಕಳೆಯಿತು. ತಾರಸಿಯ ಮೇಲೆ ನಿಂತು ನಾನೂ ಬೇರೆಯವರ ಗಾಳಿಪಟದ ದಾರ ಕಡಿಯುವುದು ಕಲಿತೆ. ಇಲ್ಲಿಯ ಸಿಹಿ ಬೇಳೆಗೆ ಕದ್ದು ಚಟ್ನಿಪುಡಿ ಹಾಕಿಕೊಳ್ಳುವುದು ಬಿಟ್ಟೆ. ಬಾ ಮಾತ್ರ ಅದೇ ಚಟ್ನಿಪುಡಿಯ ಚಟ ಹಚ್ಚಿಕೊಂಡರು.

ಮಳೆಗಾಲದ ಒಂದು ಬೆಳಿಗ್ಗೆ ಹೇತಲ್ ಓಡಿಬಂದು ನನ್ನನ್ನು ತಬ್ಬಿಕೊಂಡಳು. ಇಬ್ಬರೂ ಹುಚ್ಚರ ಹಾಗೆ ನಕ್ಕೆವು.

ಏಳನೆಯ ತಿಂಗಳಲ್ಲಿ ಖೋಳೋ. ನೆಂಟರಿಷ್ಟರೆಲ್ಲ ಕೂಡಿದ್ದರು. ಬಾ ನನ್ನ ಕೈಗೆ ತೆಂಗಿನಕಾಯಿ ಕೊಟ್ಟು, “ಮೊದ್ಲ ತುಂಬಿದವ್ರು ನೀವು, ಈಗೂ ನೀವ ಮೊದ್ಲು” ಎಂದರು. ಹೇತಲ್ ಪೆಟ್ಟಿಗೆಯಿಂದ ನನ್ನ ಆ ಹಳೆಯ ಇಳಕಲ್ ಖಣವನ್ನೇ ತೆಗೆಸಿ ತಂದಿದ್ದಳು. ಈ ಸಲ ಅತ್ತವಳು ನಾನು.

ಮರುದಿನ ನಾನು ಧಾರವಾಡದ ಅವ್ವನ ಮನೆಗೆ ಹೊರಟಿದ್ದೆ. ಆಟೋ ಬಂದು ನಿಂತಾಗ ಬಾ ಅಕ್ಕಿ, ಕಾಯಿ ತುಂಬಿದ ತಟ್ಟೆ ಹಿಡಿದು ಇಳಿದುಬಂದರು. “ನಿಮ್ಮಲ್ಲೆ ಯಾರಿಗಾದ್ರೂ ತುಂಬಬಹುದಲ್ಲಾ? ಸೆರಗ ಹಿಡೀ ಮಗಳ.” ಕೆಳಗಿನ ಮನೆಯಾಕೆ ಕಿಟಕಿಯಿಂದ ಇಣುಕಿ, “ನಿಮ್ಗೂ ಎಷ್ಟ ತಿಂಗ್ಳು?” ಎಂದು ಕೂಗಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಾನೂ ನಗುತ್ತಲೇ ಆಟೋ ಹತ್ತಿದೆ. ಮಣಿನಗರ ಸ್ಟೇಶನ್ ಹತ್ತಿರ ಬರುವ ಹೊತ್ತಿಗೆ ಕಣ್ಣು ತುಂಬಿ ರಸ್ತೆ ಕಾಣದಾಯಿತು. ನಮ್ಮಲ್ಲಿ ಮಗಳು ತವರು ಬಿಟ್ಟು ಹೊರಡುವಾಗ ಹೀಗೆ ಉಡಿ ತುಂಬಿ ಕಳಿಸುತ್ತಾರೆ. ನಾನು ಹೊರಟಿದ್ದು ತವರಿಗೆ.