ಬಹುವಚನ ಮೇಡಂ

ಮಕ್ಕಳ ಕೋರ್ಟಿನ ಎರಡನೇ ಮಹಡಿಯಲ್ಲಿ, ಮೆಟ್ಟಿಲಿಗೆ ಅಂಟಿಕೊಂಡ ಕೋಣೆಯಲ್ಲಿ ಕೂರುವ ಆ ಹೆಂಗಸಿಗೆ ಸರ್ಕಾರ ಕೊಟ್ಟ ಹೆಸರು ಮೇಲ್ವಿಚಾರಕ ವಕೀಲೆ. ಕೈಕೆಳಗಿನ ಕಿರಿಯ ವಕೀಲರು ಬೆನ್ನ ಹಿಂದೆ ಇಟ್ಟ ಹೆಸರು ಬಹುವಚನ ಮೇಡಂ. ಸರ್ಕಾರಕ್ಕಿಂತ ಕಿರಿಯರಿಗೇ ಅವರು ಚೆನ್ನಾಗಿ ಗೊತ್ತಿತ್ತು ಅನ್ನಬೇಕು.

ಕಳ್ಳತನವೋ ಹೊಡೆದಾಟವೋ ಮಾಡಿ ಸಿಕ್ಕಿಬಿದ್ದ, ವಕೀಲರನ್ನು ಇಟ್ಟುಕೊಳ್ಳುವ ಗತಿಯಿಲ್ಲದ ಮಕ್ಕಳಿಗೆ ಆ ಕಚೇರಿಯೇ ವಕೀಲರನ್ನು ಕೊಡುತ್ತಿತ್ತು. ವಾದ ಮಾಡುವವರು ಕಿರಿಯರು. ಮೇಡಂ ಕೆಲಸ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದು, ಆಮೇಲೆ ಕಾರಿಡಾರಿಗೆ ಕರೆದು ಬಾಯಿ ಬಿಡುವುದು. ಅವರು ಬಾಯಿ ಬಿಟ್ಟರೆಂದರೆ ಕಿರಿಯರ ಕಪ್ಪು ಕೋಟಿನೊಳಗೆ ಬೆವರಿಳಿಯುತ್ತಿತ್ತು. ಕಾನೂನಿನ ಕಲಂ ತಪ್ಪಿ ಹೇಳಿದರೆ ಅವರಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಕಲಂ ಪುಸ್ತಕದಲ್ಲಿ ಇದ್ದೇ ಇರುತ್ತದೆ, ನಾಳೆ ನೋಡಿಕೊಂಡು ಸರಿಮಾಡಬಹುದು. ಕಟಕಟೆಯ ಮಗುವನ್ನು ‘ನೀನು’ ಅಂದರೆ ಮಾತ್ರ ಕಥೆ ಮುಗಿಯಿತು.

“ಪೊಲೀಸ್ನೋರು ಲೇ ಅಂತಾರೆ. ಹಾಸ್ಟೆಲ್ ವಾರ್ಡನ್ ಏಯ್ ಅಂತಾಳೆ. ಜಡ್ಜಿಗೆ ಪ್ರೀತಿ ಉಕ್ಕಿದ ದಿನ ಮಗೂ ಅಂತಾರೆ. ಆ ಮಗೂನ ‘ನೀವು’ ಅನ್ನೋರು ಇಡೀ ಕಟ್ಟಡದಲ್ಲಿ ಒಬ್ಬರಾದ್ರೂ ಬೇಡ್ವಾ? ನೀವು ಅವರ ವಕೀಲರು ಕಣ್ರೀ, ಚಿಕ್ಕಪ್ಪ ಅಲ್ಲ.”

ಹೊಸದಾಗಿ ಸೇರಿದವರು ಮೊದಮೊದಲು ಮುಸಿಮುಸಿ ನಗುತ್ತಿದ್ದರು. ಮೇಡಂ ಮನೆಯ ಬೆಕ್ಕಿಗೂ “ಹಾಲು ಕುಡೀರಿ” ಅಂತಾರಂತೆ ಎಂದು ಕ್ಯಾಂಟೀನಿನಲ್ಲಿ ಮಾತು. ಅದು ಬರೀ ಸುಳ್ಳು, ಅವರ ಮನೆಯಲ್ಲಿ ಬೆಕ್ಕಿರಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಮಗುವಿನ ವಿಚಾರಣೆ ಅಡ್ಡ ಬಂದು, ಗಂಡನೂ ಇರಲಿಲ್ಲ. ಇದ್ದವಳು ತಾಯಿ ಒಬ್ಬಳು. “ಲೇ ಕತ್ತೆ, ಉಂಡ್ಯೇನೇ?” ಎಂದು ದಿನಾ ಬಾಗಿಲಲ್ಲೇ ಕೇಳುತ್ತಿದ್ದವಳು ಹೋದ ವರ್ಷ ತೀರಿಕೊಂಡಳು. ಅಂದಿನಿಂದ ಮೇಡಂ ಅವರನ್ನು ‘ನೀನು’ ಅನ್ನುವ ಬಾಯಿ ಭೂಮಿಯ ಮೇಲೆ ಒಂದೂ ಉಳಿಯಲಿಲ್ಲ. ಹಾಲಿನವನಿಂದ ಹಿಡಿದು ಜಡ್ಜಿಯವರೆಗೆ ಎಲ್ಲರೂ ನೀವು, ತಾವು. ಮರ್ಯಾದೆಗೇನೂ ಕಡಿಮೆಯಿಲ್ಲ. ಮರ್ಯಾದೆ ಹೊದ್ದುಕೊಂಡರೆ ಬೆಚ್ಚಗಾಗುವುದಿಲ್ಲ ಅನ್ನುವುದು ಅವರಿಗೆ ಆ ವರ್ಷ ಗೊತ್ತಾಯಿತು.

ಒಂದು ಸೋಮವಾರ ಗುಂಗುರು ಕೂದಲಿನ ಕಿರಿಯ ವಕೀಲ ನಗುನಗುತ್ತಾ ಬಂದು ಒಂದು ಸಮಾಚಾರ ಹೇಳಿದ. ಹೋದ ವರ್ಷ ಅವನೇ ಬಿಡಿಸಿದ್ದ ಒಬ್ಬ ಹುಡುಗ ಟೈರ್ ಅಂಗಡಿಯಲ್ಲಿ ಕೆಲಸಕ್ಕಿದ್ದನಂತೆ. ಶನಿವಾರ ಇವನು ಗಾಡಿ ನಿಲ್ಲಿಸಿ, “ಗುರುತು ಸಿಕ್ತಾ? ನಾನು ನಿಮ್ಮ ವಕೀಲ” ಎಂದು ಬೆನ್ನು ತಟ್ಟಿ ಬಂದನಂತೆ.

“ಅಂಗಡಿ ಯಜಮಾನ ಅಲ್ಲೇ ಇದ್ರಾ?” ಎಂದು ಮೇಡಂ ಕೇಳಿದರು.

“ಇದ್ರು ಮೇಡಂ. ನಿನಗ್ಯಾಕೋ ವಕೀಲರು ಅಂತ ಹುಡುಗನ್ನ ಕೇಳ್ತಾ ಇದ್ರು.” ಹೇಳುತ್ತಾ ಹೇಳುತ್ತಾ ಅವನ ಮುಖದ ನಗು ಕರಗಿತು. “ಬೆಳಿಗ್ಗೆ ಆ ಕಡೆಯಿಂದಾನೇ ಬಂದೆ. ಹುಡುಗ ಕಾಣಿಸ್ಲಿಲ್ಲ.”

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದರು. ಅದರ ಒಂದು ಕಾಲು ಮುರಿದು ಕುರ್ಚಿಯ ಕೆಳಗೆ ಹಾರಿತು.

“ಸೇರಿದ ದಿನಾನೇ ಹೇಳಿದ್ನೋ ಇಲ್ವೋ? ಕೇಸು ಮುಗಿದ ಮೇಲೆ ಆ ಮಕ್ಕಳು ಬೀದೀಲಿ ಎದುರಾದ್ರೆ ನಮಗೆ ಅವರು ಯಾರೋ, ಅವರಿಗೆ ನಾವು ಯಾರೋ. ಅವರಾಗಿ ಮಾತಾಡಿಸೋ ತನಕ ನಾವು ತುಟಿ ಬಿಚ್ಚೋ ಹಾಗಿಲ್ಲ. ಯಾರೂ ತೆರೆಯದ ಹಾಗೆ ಕಡತಕ್ಕೆ ಕೋರ್ಟು ಮೊಹರು ಹಾಕುತ್ತೆ. ನಮ್ಮ ಬಾಯಿಗೆ ಯಾರು ಹಾಕ್ತಾರೆ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.”

“ಪ್ರೀತಿಯಿಂದ ಮಾತಾಡಿಸ್ದೆ ಮೇಡಂ.”

“ನಿಮ್ಮ ಪ್ರೀತಿ ನಿಮ್ಮ ಜೇಬಲ್ಲಿರ್ಲಿ. ಅದಕ್ಕೆ ಆ ಹುಡುಗ ಅನ್ನ ಕಳ್ಕೊಳ್ಳೋದು ಬೇಡ. ಮೊದಲು ಹೋಗಿ ಅವರಿಗೊಂದು ಕೆಲಸ ಹುಡುಕಿ.”

ಅವನು ಮುರಿದ ಕಾಲನ್ನು ಹೆಕ್ಕಿ ಮೇಜಿನ ಮೇಲಿಟ್ಟ. ಬಾಗಿಲವರೆಗೆ ಹೋದವನು ತಿರುಗಿ, “ನಿಮಗೆ ಇಷ್ಟು ವರ್ಷದಲ್ಲಿ ಯಾರೂ ಎದುರು ಸಿಕ್ಕಿಲ್ವಾ ಮೇಡಂ? ಮಾತಾಡಿಸ್ಬೇಕು ಅಂತ ಅನ್ನಿಸ್ಲೇ ಇಲ್ವಾ?” ಎಂದು ಕೇಳಿದ. ಕೆಣಕಿ ಕೇಳಿದ್ದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ. ಮೇಡಂ ಮುರಿದ ಕಾಲನ್ನು ಚೀಲಕ್ಕೆ ಹಾಕಿಕೊಂಡರು.

ಅನ್ನಿಸಿತ್ತು. ಅದೂ ಒಬ್ಬಳೇ ಹುಡುಗಿಯ ಬಗ್ಗೆ. ಅವಳು ಎದುರು ಸಿಕ್ಕಿರಲಿಲ್ಲ, ಅಷ್ಟೇ.

ಆಗ ಮೇಡಂ ಇನ್ನೂ ಮೇಡಂ ಆಗಿರಲಿಲ್ಲ, ತಾವೇ ಎದ್ದು ನಿಂತು ವಾದ ಮಾಡುತ್ತಿದ್ದರು. ಹುಡುಗಿಗೆ ಹನ್ನೊಂದು ವರ್ಷ, ಕಡ್ಡಿಯಂಥ ಮೈ. ಅವಳ ಸೋದರಮಾವ ಮನೆಗಳ್ಳ. ಅಡುಗೆಮನೆಯ ಗವಾಕ್ಷಿಯೊಳಗೆ ಅವಳನ್ನು ತುರುಕುತ್ತಿದ್ದ, ಅವಳು ಒಳಗಿಳಿದು ಬಾಗಿಲು ತೆಗೆಯುತ್ತಿದ್ದಳು. ಕೊನೆಯ ಸಲ ಗವಾಕ್ಷಿಯ ಕಬ್ಬಿಣ ತಾಗಿ ಎಡಹುಬ್ಬು ಸೀಳಿಹೋಗಿತ್ತು. ಠಾಣೆಯಲ್ಲಿ ಅವಳಿಗೆ ಇಲಿಮರಿ ಎಂದೇ ಹೆಸರು. ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಬಂದು ನಿಂತವಳಿಗೆ ವಕೀಲೆ, “ಕೂತ್ಕೊಳ್ಳಿ, ನಾನು ನಿಮ್ಮ ವಕೀಲೆ” ಎಂದರು. ಹುಡುಗಿ ತಿರುಗಿ ತನ್ನ ಹಿಂದೆ ನೋಡಿದಳು.

“ಹಿಂದೆ ಯಾರೂ ಇಲ್ವಲ್ಲ. ನೀನು ಯಾರ್ನ ಮಾತಾಡಿಸ್ತಾ ಇದೀಯ?”

ಹಾಗೆ ಶುರುವಾದದ್ದು ಏಳು ವರ್ಷ ನಡೆಯಿತು. ವಕೀಲೆ ಅವಳನ್ನು ನೀವು ಅನ್ನುವುದು, ಅವಳು ವಕೀಲೆಯನ್ನು ನೀನು ಅನ್ನುವುದು. ಕೇಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಮಾವ ಜೈಲಿಗೆ ಹೋದ. ಹುಡುಗಿ ಕೋರ್ಟು ಹಾಕಿದ ಹಾಸ್ಟೆಲಿನಿಂದ ಓಡಿಹೋದಳು, ಸಿಕ್ಕಳು, ಮತ್ತೆ ಓಡಿದಳು. ಪ್ರತಿ ಸಲವೂ ವಕೀಲೆ ಪಕ್ಕದಲ್ಲಿ ನಿಂತು, “ಇವರಿಗೆ ಏನು ಬೇಕೋ ಅದನ್ನು ಇವರನ್ನೇ ಕೇಳಿ” ಎಂದು ಜಡ್ಜಿಗೆ ಒಂದೇ ರಾಗ ಹಾಡಿದರು. ಬರಬರುತ್ತಾ ಓಡುವುದು ನಿಂತಿತು, ಓದುವುದು ಹಿಡಿಯಿತು. ನಿಲ್ಲದೇ ಇದ್ದದ್ದು ಒಂದೇ ಹಟ.

“ಒಂದ್ಸಲ ನೀನು ಅನ್ನು.”

“ಯಾಕೆ? ನೀವು ಅಂದ್ರೆ ಏನಾಯ್ತು?”

“ನೆಂಟರ ಮನೇಲಿ ಕೂತಂಗೆ ಆಗುತ್ತೆ.”

ಹದಿನೆಂಟು ತುಂಬಿದ ದಿನ ಕಡತಕ್ಕೆ ಮೊಹರು ಬಿತ್ತು. ಕೋರ್ಟಿನ ಮೆಟ್ಟಿಲ ಮೇಲೆ ನಿಂತು ವಕೀಲೆ ಬೀದಿಯ ನಿಯಮ ಹೇಳಿದರು. ಎಲ್ಲಿ ಸಿಕ್ಕರೂ ನಾನು ನಿಮ್ಮ ಗುರುತು ಹಿಡಿಯುವುದಿಲ್ಲ, ನೀವಾಗಿ ಮಾತಾಡಿಸಿದರೆ ಮಾತ್ರ ಮಾತಾಡುತ್ತೇನೆ ಎಂದರು.

“ನಾನು ಮರೆತೇಬಿಟ್ಟಿದ್ರೆ?”

“ಮರೆತ್ರೆ ಇನ್ನೂ ಒಳ್ಳೇದು. ಮರೆಯೋದು ನಿಮ್ಮ ಹಕ್ಕು.”

“ಸರಿ, ಹೋಗ್ತೀನಿ. ಇವತ್ತಾದ್ರೂ ಅನ್ನು.”

ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಬ್ಬಳಿಗೆ ನೀನು ಅಂದರೆ ನಾಳೆ ಬರುವ ಮಗುವಿಗೂ ಅನ್ನಬೇಕಾಗುತ್ತದೆ, ಆಮೇಲೆ ಈ ಕೆಲಸ ಮಾಡಲಾಗುವುದಿಲ್ಲ ಎಂದು ಹೆದರಿದರು. “ನೀವು ಹುಷಾರಾಗಿರಿ” ಎಂದುಬಿಟ್ಟರು. ಹುಡುಗಿ ನಕ್ಕು ಮೆಟ್ಟಿಲಿಳಿದು ಹೋದಳು, ತಿರುಗಿ ನೋಡಲಿಲ್ಲ. ಅಂದಿನಿಂದ ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಆ ವಯಸ್ಸಿನ ಹೆಂಗಸರು ಕಂಡರೆ ಮೇಡಂ ಕಣ್ಣು ಮೊದಲು ಎಡಹುಬ್ಬಿಗೆ ಹೋಗುತ್ತಿತ್ತು.

ಕನ್ನಡಕ ಮುರಿದ ಮೇಲೆ ಮಾಡಿಸಲೇಬೇಕಲ್ಲ. ಅದೇ ಸಂಜೆ ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಹೋದರು. ಗಲ್ಲಾದಲ್ಲಿ ದಪ್ಪನೆಯ ಮುದುಕಿ, ಒಳಗಡೆ ಅಳತೆ ತೆಗೆಯುವ ಸೊಸೆ. ಕನ್ನಡಕವಿಲ್ಲದ ಕಣ್ಣಿಗೆ ಇಬ್ಬರೂ ಮಸುಕು.

“ಇಲ್ಲಿ ಕೂತ್ಕೊಳ್ಳಿ ಅಮ್ಮ. ಗಲ್ಲ ಸ್ವಲ್ಪ ಮೇಲೆತ್ತಿ. ನನ್ನ ಕಣ್ಣನ್ನೇ ನೋಡ್ತಾ ಇರಿ.”

ಎರಡು ಕಣ್ಣಿನ ನಡುವಿನ ಅಂತರ ಅಳೆಯಲು ಸೊಸೆ ಸಣ್ಣ ಪಟ್ಟಿ ಹಿಡಿದು ಬಗ್ಗಿದಳು. ಮುಖ ಹತ್ತಿರ ಬಂತು, ಗೇಣು ದೂರಕ್ಕೆ ಬಂದಾಗ ಸ್ಪಷ್ಟವಾಯಿತು. ಎಡಹುಬ್ಬನ್ನು ಎರಡು ತುಂಡು ಮಾಡಿದ ಬಿಳಿ ಗೆರೆ.

ಮೇಡಂ ಇಡೀ ಊರು ಹುಡುಕಿದ ಮುಖ ಮೂಗಿನ ಎದುರಿಗೇ ಇದೆ, ಕಣ್ಣಲ್ಲಿ ಕಣ್ಣಿಟ್ಟು ನೋಡು ಎಂದು ತಾನೇ ಹೇಳುತ್ತಿದೆ. ಆ ಕಣ್ಣಿನಲ್ಲಿ ಗುರುತಿನ ಒಂದು ಎಳೆಯೂ ಇಲ್ಲ.

“ಕಣ್ಣು ಮಿಟುಕಿಸ್ಬೇಡಿ ಅಮ್ಮ, ಅಳತೆ ತಪ್ಪುತ್ತೆ.”

ಗಲ್ಲಾದ ಮುದುಕಿಗೆ ಮಾತು ಬೇಕಾಗಿತ್ತು. “ನನ್ನ ಸೊಸೆ ಕೈ ಅಂದ್ರೆ ಕೈ. ಬೀಗದಕೈ ಗೊಂಚಲು ಇವಳ ಸೊಂಟದಲ್ಲೇ ಇರೋದು. ಮಗನಿಗೂ ಕೊಡಲ್ಲ ನಾನು. ಅವನು ಬಾಗಿಲು ತೆಗೆದಿಟ್ಟೇ ಹೊರಟುಬಿಡೋ ಆಸಾಮಿ.”

ಗವಾಕ್ಷಿಯಿಂದ ಇಳಿಯುತ್ತಿದ್ದವಳ ಸೊಂಟದಲ್ಲಿ ಬೀಗದಕೈ. ಮೇಡಂಗೆ ಎದ್ದು ನಿಂತು ಇಡೀ ಬೀದಿಗೆ ಕೂಗಿ ಹೇಳಬೇಕೆನಿಸಿತು. ಅವರ ಒಂದು ಮಾತಿಗೆ ಆ ಗೊಂಚಲು ಆ ಸೊಂಟದಿಂದ ಕೆಳಗಿಳಿಯಬಹುದು ಎನ್ನುವುದೂ ಅವರಿಗೆ ಗೊತ್ತಿತ್ತು. ತುಟಿ ಕಚ್ಚಿಕೊಂಡು ಕೂತರು.

“ಗುರುವಾರ ಬನ್ನಿ” ಎಂದಳು ಸೊಸೆ, ಯಾವ ಗಿರಾಕಿಗಾದರೂ ಹೇಳುವ ಹಾಗೆ.

ಮನೆಗೆ ಬಂದರೆ ಒಲೆ ಹಚ್ಚುವ ಮನಸ್ಸಿಲ್ಲ. ಮರೆತರೆ ಇನ್ನೂ ಒಳ್ಳೇದು ಎಂದು ಹೇಳಿದವರೇ ಇವರು. ಅದು ಇವತ್ತು ಹೀಗೆ ತಮ್ಮ ಕಡೆಗೇ ತಿರುಗುತ್ತದೆ ಎಂದು ಅಂದು ಯಾರು ಕಂಡಿದ್ದರು? ಮರೆತಿದ್ದರೆ ಗೆದ್ದ ಹಾಗೆ ಎಂದು ತಮಗೆ ತಾವೇ ವಾದ ಮಾಡಿಕೊಂಡರು. ಒಳ್ಳೆಯ ವಾದ. ಎದುರಿಗೆ ಕೂತು ಕೇಳಿದ ಮನಸ್ಸು ಮಾತ್ರ ಒಪ್ಪಲಿಲ್ಲ. ಅವಳು ಒಮ್ಮೆ ‘ನೀನು’ ಅಂದಿದ್ದರೆ ಸಾಕಿತ್ತು, ಬೇರೇನೂ ಬೇಡವಾಗಿತ್ತು.

ನಿಯಮದ ಪ್ರಕಾರ ಮತ್ತೆ ಆ ಅಂಗಡಿಗೆ ಹೋಗಬಾರದು. ಗುಂಗುರು ಕೂದಲಿನವನನ್ನು ಕಳಿಸಿ ಕನ್ನಡಕ ತರಿಸಬಹುದಿತ್ತು. ಟೈರ್ ಅಂಗಡಿಯ ಹುಡುಗನಿಗೆ ಅವನು ಬೇರೊಂದು ಗ್ಯಾರೇಜಿನಲ್ಲಿ ಕೆಲಸ ಹುಡುಕಿದ್ದ, ಈಗ ಮೇಡಂ ಏನು ಹೇಳಿದರೂ ಓಡುತ್ತಿದ್ದ. ಗುರುವಾರ ಅವನು ತಾನಾಗಿಯೇ, “ಕನ್ನಡಕ ನಾನು ತರ್ಲಾ ಮೇಡಂ?” ಎಂದು ಕೇಳಿದ. “ಬೇಡ, ನನ್ನ ಮೂಗಿಗೆ ಕೂರಿಸಿ ನೋಡ್ಬೇಕಲ್ಲ” ಎಂದು ಮೇಡಂ ಚೀಲ ಹೆಗಲಿಗೇರಿಸಿದರು. ಊರಿಗೆ ಬುದ್ಧಿ ಹೇಳುವವರಿಗೂ ಕಾಲು ಒಂದೊಂದು ದಿನ ಮಾತು ಕೇಳುವುದಿಲ್ಲ.

ಅಂಗಡಿಯಲ್ಲಿ ಅದೇ ಕುರ್ಚಿ. ಮುದುಕಿ ಬಟ್ಟೆಯಿಂದ ಗಾಜಿನ ಪೆಟ್ಟಿಗೆ ಒರೆಸುತ್ತಿದ್ದಳು. ಸೊಸೆ ಹೊಸ ಕನ್ನಡಕ ತಂದು, ಒಂದು ಕಾಲನ್ನು ಸ್ವಲ್ಪ ಬಗ್ಗಿಸಿ, ಮೇಡಂ ಕಿವಿಯ ಹಿಂದಿನ ನರೆಗೂದಲನ್ನು ಬೆರಳಿಂದ ಸರಿಸಿ ಕೂರಿಸಿದಳು. ತಾಯಿ ಸತ್ತ ಮೇಲೆ ಆ ಕೂದಲನ್ನು ಯಾರೂ ಮುಟ್ಟಿರಲಿಲ್ಲ. ಮೇಡಂ ಮಿಸುಕದೆ ಕೂತಿದ್ದರು.

ಸೊಸೆ ಕನ್ನಡಿ ಕೈಗೆತ್ತಿಕೊಂಡಳು. ಹಿಡಿದು ತೋರಿಸಲಿಲ್ಲ, ಮಡಿಲಲ್ಲಿಟ್ಟುಕೊಂಡು ಎದುರಿನ ಸ್ಟೂಲಿನಲ್ಲಿ ಕೂತಳು. ಮುಖಕ್ಕೆ ಮುಖ ಕೊಟ್ಟು ಮೆಲ್ಲಗೆ ಕೇಳಿದಳು.

“ಈಗ ಕಾಣ್ತೀನಾ ನಿಂಗೆ?”

ಮೆಲ್ಲಗೆ ಕೇಳಿದರೂ ಮುದುಕಿಯ ಕಿವಿ ಚುರುಕು. “ಏನೇ ಅದು, ದೊಡ್ಡೋರಿಗೆ ನಿಂಗೆ ಗಿಂಗೆ ಅಂತ? ತಪ್ಪು ತಿಳ್ಕೋಬೇಡಿ ಅಮ್ಮ. ಹೆತ್ತೋರಿಲ್ದೆ ಬೆಳೆದ ಹುಡುಗಿ, ತವರು ಅಂತ ಒಂದಿಲ್ಲ. ಏಕವಚನ ಬಹುವಚನ ಕಲಿಸೋರು ಯಾರೂ ಇರ್ಲಿಲ್ಲ ಇವಳಿಗೆ.”

ಸೊಸೆ ತಲೆ ತಗ್ಗಿಸಿದಳು. ಕೆಳತುಟಿ ನಗುವನ್ನು ಒತ್ತಿ ಹಿಡಿದಿತ್ತು.

“ಬೈಬೇಡಿ, ಇರ್ಲಿ” ಎಂದರು ಮೇಡಂ. ಅವರ ದನಿ ಕೋರ್ಟಿನ ದನಿಯಾಗಿರಲಿಲ್ಲ. “ನನ್ನನ್ನ ಹಾಗೆ ಅನ್ನೋರು ಯಾರಾದ್ರೂ ಬೇಕಾಗಿತ್ತು.”

ಆಮೇಲೆ ಸೊಸೆಯ ಕಡೆ ತಿರುಗಿದರು. ವಯಸ್ಸಾದವರು ಅಂಗಡಿಯ ಹುಡುಗಿಯನ್ನು ನೀನು ಅಂದರೆ ಯಾರಿಗೇನು ವಿಶೇಷ? ಮುದುಕಿ ಆಗಲೇ ತನ್ನ ಗಾಜು ಒರೆಸಲು ಹೋಗಿದ್ದಳು.

“ಕಾಣ್ತೀಯ” ಎಂದರು. “ನೀನು ಚೆನ್ನಾಗಿ ಕಾಣ್ತೀಯ.”

ಹೊಸ ಕನ್ನಡಕ ಅಷ್ಟರಲ್ಲೇ ಒದ್ದೆಯಾಗಿತ್ತು. ಸೊಸೆ ಅದನ್ನು ತೆಗೆದು, ತನ್ನ ಬಟ್ಟೆಯ ಅಂಚಿನಲ್ಲಿ ಒರೆಸಿ, ಮತ್ತೆ ಕೂರಿಸಿದಳು.